ಗೌಡರ ದುರ್ಬೀನಿಗೆ ಎರಡು ಬಳೆ

ಹುಣಸೂರಿನಲ್ಲಿ ನನ್ನದು ಗಾಡಿ ಕಟ್ಟುವ, ಕಬ್ಬಿಣ ಹಿತ್ತಾಳೆಯ ಕೆಲಸದ ಅಂಗಡಿ. ಯಾರು ಏನು ಹೊತ್ತು ತಂದರೂ ಆಗುವುದಿಲ್ಲ ಅಂದವನಲ್ಲ. ಜಂಬ ಅನ್ನುವವರು ಅನ್ನಲಿ, ಕೈಯಲ್ಲಿ ಕೆಲಸವಿತ್ತು.

ಮಹಾರಾಜರ ಕಾಲ. ಹೆಗ್ಗಡದೇವನಕೋಟೆ ಕಡೆಯ ವಯಸ್ಸಾದ ಗೌಡರೊಬ್ಬರು ರೈಫಲ್ ಹಿಡಿದು ಬಂದರು. ದನ ಹಿಡಿಯುತ್ತಿದ್ದ ಹುಲಿಯನ್ನು ಹೊಡೆಯಲು ಅವರಿಗೆ ಸರ್ಕಾರದ ಅಪ್ಪಣೆ ಸಿಕ್ಕಿತ್ತು, ಆದರೆ ಕಣ್ಣು ಮಂಜಾಗಿತ್ತು. ಕೊಡಗಿನ ತೋಟದ ದೊರೆಯೊಬ್ಬ ರೈಫಲಿನ ಮೇಲೆ ಕೂರಿಸುವ ದುರ್ಬೀನು ಕೊಟ್ಟಿದ್ದ. ಅದನ್ನು ಹಿಡಿದು ನಿಲ್ಲಿಸುವ ಪಟ್ಟಿ, ಬಳೆಗಳನ್ನು ಗೌಡರು ಮೈಸೂರಿನ ಹರಾಜಿನಲ್ಲಿ ತಂದಿದ್ದರು. ಒಂದಕ್ಕೊಂದು ಸಂಬಂಧವೇ ಇಲ್ಲ. ಪಟ್ಟಿಯ ತಳ ಚಪ್ಪಟೆ, ರೈಫಲಿನ ಬೆನ್ನು ಗುಂಡಗೆ. ಬಳೆಗಳೋ ದುರ್ಬೀನಿಗೆ ದೊಗಳೆ.

ಗಾಡಿಯಲ್ಲಿ ಏನಾದರೂ ಸಡಿಲವಾದರೆ ತೊಗಲು ತುರುಕಿ ಬಿಗಿ ಮಾಡುವುದು ನಮ್ಮ ರೂಢಿ. ಇಲ್ಲೂ ಅದನ್ನೇ ಮಾಡಿದೆ. ಬೆಟ್ಟದಂತೆ ಕೂತಿದೆ ಎಂದು ಬೀಗಿದೆ.

ಹೊಳೆದಂಡೆಯಲ್ಲಿ ಹಲಗೆಗೆ ಸುಣ್ಣದ ಬೊಟ್ಟಿಟ್ಟು ಗೌಡರು ಹೊಡೆದರು. ಮೊದಲ ಗುಂಡು ಬೊಟ್ಟಿಗೇ ಬಿತ್ತು. ಎರಡನೆಯದು ನಾಲ್ಕು ಬೆರಳು ಆಚೆ, ಮೂರನೆಯದು ಗೇಣು ದೂರ. ಪ್ರತಿ ಏಟಿನ ಒದೆತಕ್ಕೂ ತೊಗಲು ನಜ್ಜುಗುಜ್ಜಾಗಿ ದುರ್ಬೀನು ಜಾರಿತ್ತು.

ಗೌಡರು ರೇಗಲಿಲ್ಲ. "ಗಾಡಿ ಅಲ್ಲಾಡಿದ್ರೆ ಮೈ ನೋಯ್ತದೆ, ಅಷ್ಟೆ. ಉಲಿ ಗಾಯ ಆಗಿ ಪೊದೆ ಸೇರ್ಕಂಡ್ರೆ ಅದ್ರ ಇಂದೆ ನಡ್ಕಂಡೋಗೋನು ನಾನು ಕಣ್ಲಾ" ಅಂದರು.

ಅವರ ಸೀಮೆಯ ಕಟ್ಟಳೆ ಅದು. ಗಾಯ ಮಾಡಿದವನೇ ಹಿಂದೆ ಹೋಗಿ ಮುಗಿಸಬೇಕು, ದನ ಕಾಯುವವರ ಮೇಲೆ ಬಿಡುವಂತಿಲ್ಲ. ಆ ಮಂಜುಗಣ್ಣಿನ ಮನುಷ್ಯ ಪೊದೆಯೊಳಗೆ ನುಗ್ಗುವುದನ್ನು ನೆನೆದು ನನಗೆ ನಾಚಿಕೆಯೂ ಭಯವೂ ಒಟ್ಟಿಗೇ ಆದವು.

ತೊಗಲನ್ನು ಕಿತ್ತೆಸೆದೆ. ರೈಫಲಿನ ಬೆನ್ನಿಗೆ ದೀಪದ ಮಸಿ ಸವರಿ ಪಟ್ಟಿಯನ್ನು ಒತ್ತುವುದು, ಮಸಿ ಹತ್ತಿದ ಕಡೆ ಅರ ಹಾಕುವುದು, ಮತ್ತೆ ಒತ್ತುವುದು. ಎರಡು ದಿನ ಅದೇ ಕೆಲಸ. ಕೊನೆಗೆ ಪಟ್ಟಿಯ ತಳಕ್ಕೆಲ್ಲ ಒಂದೇ ಸಮನೆ ಮಸಿ ಹತ್ತಿತು. ದುರ್ಬೀನಿನ ಅಳತೆಗೇ ಹಿತ್ತಾಳೆಯ ಹೊಸ ಬಳೆಗಳನ್ನು ಎರಕ ಹೊಯ್ದೆ. ಈ ಸಲ ಮೂರು ಗುಂಡೂ ನನ್ನ ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರ ಬಿದ್ದವು.

"ಇನ್ನು ಅಲ್ಲಾಡಲ್ಲ ಗೌಡ್ರೇ."

"ಅಂಗಾದ್ರೆ ನೀನೂ ಬಾ. ಗಾಯ ಆದ್ರೆ ಇಬ್ರೂ ಓಗಾನ."

"ಬತ್ತೀನಿ, ನಡೀರಿ" ಅಂದೆ. ಒಂದು ಗಳಿಗೆಯೂ ಯೋಚಿಸಲಿಲ್ಲ.

ಅವರ ಕಡೆಯ ಕಾಡಿನಲ್ಲಿ ಇಬ್ಬರೂ ಮರದ ಅಟ್ಟಣೆಯ ಮೇಲೆ ಕೂತ ಎರಡನೆಯ ದಿನ, ಹೊತ್ತು ಇಳಿಯುವಾಗ ಹುಲಿ ಬಂತು. ಗೌಡರು ಒಂದೇ ಗುಂಡು ಹಾರಿಸಿದರು. ಅದು ನಿಂತಲ್ಲೇ ಬಿತ್ತು, ಕಿವಿಯೂ ಅಲುಗಲಿಲ್ಲ. ನಾವು ಕೆಳಗಿಳಿದ ಮೇಲೆ, ಗುಂಡಿನ ಸದ್ದು ಕೇಳಿ ಬಂದ ಊರವರೆಲ್ಲ ಹುಲಿಯ ಕಡೆ ಓಡಿದರು. ನಾನು ಗೌಡರ ಕೈಯಿಂದ ರೈಫಲ್ ಇಸಿದುಕೊಂಡು ಮೊದಲು ಬಳೆಗಳನ್ನು ಮುಟ್ಟಿ ನೋಡಿದೆ. ಬಳೆಗಳು ಕೂದಲೆಳೆಯಷ್ಟೂ ಜರುಗಿರಲಿಲ್ಲ.