ಎಡಗಡೆ ಸ್ಟೇರಿಂಗು, ಬಲಗಡೆ ನಾನು

ಕಳೆದ ಭಾನುವಾರ ಬೆಳಿಗ್ಗೆ ಕೊಟ್ಟಿಗೆಹಾರದ ಪೇಟೆಯಲ್ಲಿ ನಾನು ಎರಡೂ ಕೈಯಲ್ಲಿ ಪೇರಳೆ ಹಣ್ಣು ಹಿಡಿದು ತಿನ್ನುತ್ತಾ ಜೀಪು ಓಡಿಸುತ್ತಿದ್ದೆ. ಇದಕ್ಕೆ ಸಾಕ್ಷಿಗಳಿದ್ದಾರೆ. ಹೋಟೆಲಿನವರು ನೋಡಿದ್ದಾರೆ, ಬಸ್ಸಿಗೆ ಕಾಯುತ್ತಿದ್ದವರು ನೋಡಿದ್ದಾರೆ, ಒಬ್ಬ ಅಜ್ಜ ನನ್ನನ್ನು ಕಂಡ ಕೂಡಲೇ ಚರಂಡಿ ದಾಟಿ ಆಚೆ ನಿಂತಿದ್ದಾರೆ.

ಒಂದೇ ತೊಡಕು. ನನಗೆ ಡ್ರೈವಿಂಗ್ ಬರುವುದಿಲ್ಲ.

ಕಾನ್‌ಸ್ಟೇಬಲ್ ಒಬ್ಬರು ಕೈ ಅಡ್ಡ ಹಿಡಿದರು. ಜೀಪು ನಿಂತಿತು. ಅವರು ಸೀದಾ ನನ್ನ ಹತ್ತಿರವೇ ಬಂದರು.

"ಏನ್ ಯಜಮಾನ್ರೇ, ಹಣ್ಣು ಆಮೇಲೆ ತಿಂದ್ರೆ ಆಗಲ್ವಾ? ಎರಡೂ ಕೈ ಬಿಟ್ಟು ಓಡಿಸ್ತಿದೀರಲ್ಲ. ಲೈಸೆನ್ಸ್ ತೆಗೀರಿ."

ಬಾಯಿ ತುಂಬ ಪೇರಳೆ. (ಗಾಬರಿಯಾದರೆ ನನಗೆ ಹಸಿವಾಗುತ್ತದೆ. ಯಾವಾಗಲೂ ಗಾಬರಿಯಲ್ಲಿರುವುದರಿಂದ ನನ್ನ ಹೊಟ್ಟೆಯ ಸುತ್ತಳತೆಯ ಬಗ್ಗೆ ಬೇರೆ ವಿವರಣೆ ಬೇಡ.) ಇಲ್ಲ ಎಂದು ತಲೆಯಾಡಿಸಿದೆ. ಅವರು ಬಗ್ಗಿ ಒಳಗೆ ನೋಡಿದರು. ನನ್ನ ಮುಂದೆ ಖಾಲಿ ತಗಡು.

"ಸ್ಟೇರಿಂಗ್ ಎಲ್ರೀ?"

"ಇಲ್ಲಿದೆ ಸಾರ್," ಎಂದಳು ಎಡಗಡೆಯಿಂದ ನನ್ನ ಹೆಂಡತಿ ವಸುಧಾ, ಲೈಸೆನ್ಸ್ ಚಾಚುತ್ತಾ.

"ಹಾಗಾದ್ರೆ ಇವ್ರು ಯಾರು?"

"ಇವ್ರು ನಮ್ಮ ಬಲಗಡೆ ಕನ್ನಡಿ."

ಅವರು ನಕ್ಕರು. ಕಾಗದಪತ್ರ ನೋಡಿದರು. ಜೀಪಿಗೆ ಒಂದು ಪ್ರದಕ್ಷಿಣೆ ಹಾಕಿದರು. ಕೊನೆಗೆ ಬಾನೆಟ್ಟಿನ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡರು. (ತೆಗೆದದ್ದು ನಾನು. ಕನ್ನಡಿಗೂ ಹೆಚ್ಚುವರಿ ಕೆಲಸ ಇರುತ್ತದೆ.)

ವಿಷಯ ಇಷ್ಟೇ. ಜೀಪು ಅಮೆರಿಕದ್ದು. ಅಲ್ಲಿ ರಸ್ತೆಯ ಬಲಬದಿ ಹಿಡಿದು ಹೋಗುತ್ತಾರೆ, ಹಾಗಾಗಿ ಸ್ಟೇರಿಂಗ್ ಎಡಕ್ಕೆ. ಅದು ನಮ್ಮ ರಸ್ತೆಗೆ ಬಂದರೆ, ಡ್ರೈವರ್ ಇರಬೇಕಾದ ಜಾಗದಲ್ಲಿ ಪಕ್ಕದವನು ಕೂತಿರುತ್ತಾನೆ. ಅವನ ಕೈಗೆ ಸ್ಟೇರಿಂಗ್ ಇಲ್ಲ, ಕಾಲಿಗೆ ಬ್ರೇಕ್ ಇಲ್ಲ, ಆದರೆ ಎದುರಿಂದ ಬರುವ ಬಸ್ಸು ಮಾತ್ರ ನಂಬರ್ ಪ್ಲೇಟ್ ಸಮೇತ ಪೂರ್ತಿ ಕಾಣುತ್ತದೆ. ಚಿಂತೆ ಮಾಡುವವರಿಗೆಂದೇ ಯಾರೋ ತಲೆ ಕೆಡಿಸಿಕೊಂಡು ಡಿಸೈನ್ ಮಾಡಿದ ಸೀಟು ಇದು.

ನನ್ನ ಸ್ವಭಾವ ನಿಮಗೆ ಇಷ್ಟರಲ್ಲೇ ಗೊತ್ತಾಗಿರಬೇಕು. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಚಾರ್ಮಾಡಿ ಘಾಟಿ ಅರ್ಧ ಇಳಿದು ವಾಪಸ್ಸು ಹತ್ತಿದವನು ನಾನು. ಕಳಸದ ಹತ್ತಿರ ನಮಗೊಂದು ಪುಟ್ಟ ಕಾಫಿ ತೋಟವಿದೆ. ಅದನ್ನು ನೋಡಿಕೊಳ್ಳುವವಳು ವಸುಧಾ. ಅದರ ಬಗ್ಗೆ ಚಿಂತೆ ಮಾಡುವ ಇಲಾಖೆ ನನ್ನದು.

ಜೀಪು ಅವಳ ಅಜ್ಜನದು. ಎರಡನೇ ಮಹಾಯುದ್ಧಕ್ಕೆಂದು ಹುಟ್ಟಿ, ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಅವರ ಎಸ್ಟೇಟಿಗೆ ಬಂದದ್ದು. ಗೊಬ್ಬರದ ಮೂಟೆ ಹೊತ್ತಿದೆ, ಕಾಫಿ ಮೂಟೆ ಹೊತ್ತಿದೆ, ಹೆರಿಗೆ ನೋವು ಬಂದವರನ್ನು ಕೂರಿಸಿಕೊಂಡು ಕೆಸರಿನಲ್ಲಿ ಓಡಿದೆ. ಬಾಂಬಿಗೆ ಹೆದರದ ವಾಹನ ನಮ್ಮ ಎಸ್ಟೇಟ್ ರಸ್ತೆಗಳಿಗೆ ಹೆದರಲಿಲ್ಲ ಎಂದರೆ ನೀವೇ ಲೆಕ್ಕ ಹಾಕಿ. ಆಮೇಲೆ ಯಾವಾಗಲೋ ಶೆಡ್ಡು ಸೇರಿತು. ಹಿಂದಿನ ಸೀಟಿನಲ್ಲಿ ಕೋಳಿಗಳು ಕಾವಿಗೆ ಕೂತವು.

ಅದನ್ನು ಮತ್ತೆ ಓಡಿಸಬೇಕೆಂದು ವಸುಧಾ ಹೊರಟಾಗ ನಾನು ಕೋಳಿಗಳ ಪರ ವಾದಿಸಿದೆ. ಗೆಲ್ಲಲಿಲ್ಲ.

ಕೆಲಸ ಹಿಡಿದವನು ಮೂಡಿಗೆರೆಯ ಮೆಕ್ಯಾನಿಕ್ ಲೋಕೇಶ. ಸ್ಪ್ಯಾನರಿಗಿಂತ ಬಾಯಿ ಜೋರು. "ಅಕ್ಕ, ಸ್ಟೇರಿಂಗ್ ಬಲಕ್ಕೆ ಹಾಕ್ಕೊಡ್ಲಾ? ಸುಮಾರು ಜನ ಹಾಗೇ ಮಾಡ್ಸೋದು" ಎಂದು ಮೊದಲ ದಿನವೇ ಕೇಳಿದ.

"ಬೇಡ ಮಾರಾಯ. ಮೂಗು ತೆಗ್ದು ಆಚೆ ಕೆನ್ನೆಗೆ ಇಟ್ರೆ ಅದು ಅದೇ ಮುಖ ಆಗ್ತದಾ?"

ಆದರೆ ಮೂಗು ಬಿಟ್ಟು ಉಳಿದದ್ದಕ್ಕೆಲ್ಲ ಅವಳು ಮನಸ್ಸಿಟ್ಟು ಸಿಂಗಾರ ಮಾಡಿಸಿದಳು. ಹೊಸ ಡಿಸ್ಕ್ ಬ್ರೇಕು, ಪವರ್ ಸ್ಟೇರಿಂಗು, ಅಗಲ ಟೈರು, ಸೊಂಟ ಉಳಿಯುವಂಥ ಸೀಟು. ಹಸಿರು ಬಣ್ಣವೊಂದನ್ನು ಆರಿಸುವುದಕ್ಕೇ ಒಂದು ಮಳೆಗಾಲ ಕಳೆಯಿತು. ನಮ್ಮ ಮದುವೆಗೆ ನನ್ನನ್ನು ಆರಿಸಲು ಅಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ. (ಅದು ಕಾಣುತ್ತದೆ, ಎನ್ನುತ್ತಾಳೆ.)

ನಾನೂ ನನ್ನ ಬೇಡಿಕೆ ಮುಂದಿಟ್ಟೆ. ಸೀಟ್ ಬೆಲ್ಟು, ತಲೆಯ ಮೇಲೆ ಕಬ್ಬಿಣದ ಕಮಾನು, ಹಿಡಿದುಕೊಳ್ಳಲು ಕಂಬಿ, ಬೆಂಕಿ ಆರಿಸುವ ಸಿಲಿಂಡರು. ಕೊನೆಗೆ ನನ್ನ ಕಾಲ ಕೆಳಗೆ ಒಂದು ಸುಳ್ಳು ಬ್ರೇಕು.

"ಸುಳ್ಳು ಬ್ರೇಕಾ?" ಎಂದ ಲೋಕೇಶ.

"ಸುಮ್ನೆ. ಒತ್ತೋಕೆ."

"ಸಾರ್, ಇಷ್ಟೆಲ್ಲ ಹಾಕಿದ್ರೆ ಇದು ಜೀಪಲ್ಲ, ಆಂಬುಲೆನ್ಸು. ಸೈರನ್ ಒಂದು ಇಟ್ಬಿಡ್ಲಾ?"

ಸುಳ್ಳು ಬ್ರೇಕು ಒಂದನ್ನು ಬಿಟ್ಟು ಎಲ್ಲ ಹಾಕಿಕೊಟ್ಟ.

ತಯಾರಾಗಿ ಅಂಗಳಕ್ಕೆ ಬಂದ ದಿನ ನನಗೂ ಸ್ವಲ್ಪ ಏನೋ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ. ಈ ಹಳೆ ಜೀಪುಗಳಲ್ಲಿ ಅಂಥದ್ದೇನಿದೆ? ಜೀಪಿನ ಚಿತ್ರ ಬರಿ ಎಂದರೆ ಒಂದನೇ ಕ್ಲಾಸಿನ ಮಗು ಏನು ಬರೆಯುತ್ತದೋ ಅದೇ ಆಕಾರ. ಎರಡು ದುಂಡು ಕಣ್ಣು, ಚಪ್ಪಟೆ ಹಣೆ. ಬಾಗಿಲೇ ಇಲ್ಲ. ಮುಂದಿನ ಗಾಜನ್ನೂ ಮಡಚಿ ಮಲಗಿಸಬಹುದು, ಮಲಗಿಸಿದರೆ ಗಾಳಿಯ ಜೊತೆ ಹುಳವೂ ಬಾಯಿಗೆ ಬರುತ್ತದೆ. ಪ್ರತಿ ನಟ್ಟೂ ಕಣ್ಣಿಗೆ ಕಾಣುತ್ತದೆ. ಈಗಿನ ಕಾರಿನ ಬಾನೆಟ್ ಎತ್ತಿ ನೋಡಿ, ಕರೀ ಪ್ಲಾಸ್ಟಿಕ್ ಮುಚ್ಚಳವೊಂದು "ನಿಮಗ್ಯಾಕೆ ಇದೆಲ್ಲ" ಎಂಬಂತೆ ಮುಖ ತಿರುಗಿಸಿರುತ್ತದೆ. ಇದು ಹಾಗಲ್ಲ. ಬಾನೆಟ್ ಎತ್ತಿದರೆ ಹಳೆಯ ನೆಂಟರ ಹಾಗೆ ಎಲ್ಲ ಕಾಯಿಲೆ ಬಿಚ್ಚಿ ಹೇಳುತ್ತದೆ.

ಆದರೆ ಅಂಗಳದಲ್ಲಿ ನೋಡುವುದು ಬೇರೆ, ರಸ್ತೆಯಲ್ಲಿ ಕೂರುವುದು ಬೇರೆ.

ಅಷ್ಟರಲ್ಲಿ ಅತ್ತಿಗುಂಡಿಯಲ್ಲಿ ಹೋಮ್‌ಸ್ಟೇ ನಡೆಸುವ ಒಬ್ಬರು ಜೀಪಿನ ಸುದ್ದಿ ಕೇಳಿ ಬಂದರು. ಒಳ್ಳೆಯ ಬೆಲೆಯನ್ನೇ ಹೇಳಿದರು. ಅವರ ಗೇಟಿನ ಪಕ್ಕ ಸಿಮೆಂಟ್ ಕಟ್ಟೆ ಕಟ್ಟಿ, ಅದರ ಮೇಲೆ ಜೀಪು ಇಟ್ಟು, ಹಿಂದೆ ಹೂವಿನ ಗಿಡ ನೆಡುತ್ತಾರಂತೆ. ಟೂರಿಸ್ಟುಗಳಿಗೆ ಸೆಲ್ಫಿ ಪಾಯಿಂಟ್. ಅಲುಗಾಡದ ಜೀಪು! ನನ್ನ ಕಿವಿಗೆ ಜೇನು ಸುರಿದಂತಾಯಿತು. ರಸ್ತೆಯ ಮೇಲೆ ಅದರಲ್ಲಿ ಕೂರಲು ನನಗೆ ಭಯ ಎಂದೂ ಅವರಿಗೆ ಹೇಳಿದೆ.

ವಸುಧಾ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. "ನೋಡಿ," ಎಂದಳು, "ಈ ತಿರುವಿನ ರಸ್ತೇಲಿ ಬಲಗಡೆ ಕೂತು ದಾರಿ ಹೇಳೋರು ಇಲ್ದೆ ಇದನ್ನ ಓಡ್ಸೋಕಾಗಲ್ಲ. ಮುಂದಿನ ಗಾಡಿ ದಾಟ್ಬೇಕಂದ್ರೆ ನಂಗೆ ಎದುರು ಕಾಣೋದೇ ಇಲ್ಲ. ಲೋಕೇಶ ಎಷ್ಟು ದಿನ ಅಂತ ಕೂರ್ತಾನೆ? ಭಾನುವಾರ ದೇವರಮನೆ ಗುಡ್ಡದ ಹತ್ರ ಹಳೇ ಜೀಪಿನವ್ರೆಲ್ಲ ಸೇರ್ತಾರೆ. ಒಂದ್ಸಲ ನನ್ ಜೊತೆ ಬನ್ನಿ. ಆಮೇಲೆ ನಿಮ್ಗೆ ಕೂರೋಕಾಗಲ್ಲ ಅಂದ್ರೆ ಅವ್ರಿಗೇ ಕೊಟ್ಬಿಡಾಣ. ನಾನು ಮಾತಾಡಲ್ಲ."

ಅಂದರೆ ಎರಡು ಮಳೆಗಾಲದ ಅವಳ ಕನಸು ಕಟ್ಟೆಯ ಮೇಲೆ ಹೂಕುಂಡವಾಗುತ್ತದೋ ಇಲ್ಲವೋ ಎನ್ನುವುದು ನನ್ನ ಧೈರ್ಯದ ಮೇಲೆ ನಿಂತಿತು. ಇಷ್ಟು ದುರ್ಬಲ ಅಡಿಪಾಯದ ಮೇಲೆ ಯಾರಾದರೂ ಏನನ್ನಾದರೂ ನಿಲ್ಲಿಸುತ್ತಾರೆಯೇ?

ಹಾಗೆ ಆ ಭಾನುವಾರ, ಕಾನ್‌ಸ್ಟೇಬಲ್ ಫೋಟೋ ಮುಗಿಸಿ, ಕೊಟ್ಟಿಗೆಹಾರ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಏರು ರಸ್ತೆ. ಮುಂದೆ ಸಿಲ್ವರ್ ಓಕ್ ದಿಮ್ಮಿ ಹೇರಿಕೊಂಡ ಒಂದು ಲಾರಿ, ಗರ್ಭಿಣಿ ಎಮ್ಮೆಯ ಹಾಗೆ ಹೆಜ್ಜೆ ಹಾಕುತ್ತಿತ್ತು.

"ಈಗ ನಿಮ್ಮ ಕೆಲಸ," ಎಂದಳು ವಸುಧಾ. "ಎಂತ ಕಾಣ್ತದೆ?"

ಕತ್ತು ಚಾಚಿದೆ. "ರಸ್ತೆ."

"ರಸ್ತೆ ಮೇಲೆ?"

"ಏನೂ ಇಲ್ಲ."

"ಹೋಗ್ಲಾ?"

"ಬೇಡ. ಬರಬಹುದು."

"ಎಂತ ಬರಬಹುದು?"

"ಏನಾದ್ರೂ."

ನಮ್ಮ ಹಿಂದಿದ್ದ ಕಾರು ನಮ್ಮನ್ನೂ ಲಾರಿಯನ್ನೂ ದಾಟಿ ಹೋಯಿತು. ಒಂದು ಆಟೋ ಹೋಯಿತು. ಎರಡು ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡ ಸ್ಕೂಟರ್ ಹೋಯಿತು. ಲಾರಿ ಡ್ರೈವರ್ ಕಿಟಕಿಯಿಂದ ಕೈ ಹೊರಹಾಕಿ ಹೋಗಿ ಹೋಗಿ ಎಂದು ಬೀಸಿದ. ನಾನು ನಂಬಲಿಲ್ಲ. ಪರಿಚಯವಿಲ್ಲದವರ ಮಾತು ಹೇಗೆ ನಂಬುವುದು? ಆಮೇಲೆ ಅವನೂ ಬೇಸತ್ತು ಕೈ ಒಳಗೆ ತೆಗೆದುಕೊಂಡ.

ವಸುಧಾ ಮೀಟರಿನ ಕಡೆ ನೋಡಿದಳು. ಎಂಜಿನ್ ಬಿಸಿ ಮೇಲೇರುತ್ತಿತ್ತು. "ಫಸ್ಟ್ ಗೇರಲ್ಲಿ ಹೀಗೇ ತೆವಳಿದ್ರೆ ಕಾದು ನಿಲ್ತದೆ ಮಾರಾಯ್ರೆ. ನಿಂತ್ರೆ ಲೋಕೇಶ ಬಂದು ಎಳ್ಕೊಂಡೇ ಹೋಗ್ಬೇಕು. ಪರವಾಗಿಲ್ಲ. ನಿಮ್ಗಾಗದಿದ್ರೆ ಬೇಡ, ಸೈಡಿಗೆ ಹಾಕ್ತೀನಿ."

ಕೋಪವಿರಲಿಲ್ಲ ಆ ದನಿಯಲ್ಲಿ. ಅದೇ ಕಷ್ಟವಾದದ್ದು. ಅವಳ ಎಡಗೈ ಆಗಲೇ ಇಂಡಿಕೇಟರಿನ ಮೇಲಿತ್ತು.

ಮತ್ತೆ ಕತ್ತು ಚಾಚಿದೆ. ತಿರುವು ಕಳೆದು ರಸ್ತೆ ನೇರವಾಗಿತ್ತು. ತುದಿಯವರೆಗೂ ಕಾಣುತ್ತಿತ್ತು. ಬದಿಯಲ್ಲಿ ಒಂದು ದನ ಮಲಗಿ ಮೆಲುಕು ಹಾಕುತ್ತಿತ್ತು, ಏಳುವ ಲಕ್ಷಣವಿರಲಿಲ್ಲ. ಬೈಕಿಲ್ಲ. ಬಸ್ಸಿಲ್ಲ. ಏನಾದರೂ ಇದೆಯೇ ಎಂದು ಇನ್ನೊಮ್ಮೆ ಹುಡುಕಿದೆ, ಅಭ್ಯಾಸಬಲ. ನಿಜಕ್ಕೂ ಇರಲಿಲ್ಲ. ಜೀವಮಾನವಿಡೀ ಇಲ್ಲದ್ದನ್ನು ಹುಡುಕಿ ಹುಡುಕಿ ಪಳಗಿದ ಕಣ್ಣು ನನ್ನದು. ಅದಕ್ಕೇ ಏನೂ ಸಿಗಲಿಲ್ಲವೆಂದರೆ ಏನೂ ಇಲ್ಲವೆಂದೇ ಅರ್ಥ.

"ಹೋಗು," ಎಂದೆ.

"ಹ್ಞಾಂ?"

"ಹೋಗು ಅಂದೆ. ಖಾಲಿ ಇದೆ. ಹೋಗು."

ಜೀಪು ಒಮ್ಮೆ ಗುಟುರು ಹಾಕಿ ನೆಗೆಯಿತು. ದಿಮ್ಮಿಗಳು ನನ್ನ ಎಡಕ್ಕೆ ಒಂದೊಂದಾಗಿ ಹಿಂದೆ ಸರಿದವು. ಲಾರಿ ಡ್ರೈವರ್ ಉದ್ದಕ್ಕೆ ಹಾರ್ನ್ ಹೊಡೆದ, ಊರ ಹಬ್ಬಕ್ಕೆ ಬಾರಿಸುವ ಹಾಗೆ. ಗಾಳಿ ಮುಖಕ್ಕೆ ಬಡಿಯಿತು. ನಾನು ಯಾಕೆ ನಗುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ. ಪಕ್ಕಕ್ಕೆ ನೋಡಿದರೆ ಅವಳೂ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು. (ಹುಳ ಬಿದ್ದದ್ದು ಎಂದಳು.)

ಆಮೇಲೆ ನನಗೆ ಹುಚ್ಚು ಹಿಡಿಯಿತು. ಮುಂದೆ ಕಾರು ಕಂಡಿತು, ಹೋಗು ಎಂದೆ. ಟ್ರ್ಯಾಕ್ಟರ್ ಕಂಡಿತು, ಹೋಗು ಎಂದೆ. ಇನ್ನೊಂದು ಕಡೆ "ಬಸ್ಸು, ಹೋಗು ಹೋಗು" ಎಂದೆ.

"ಅದು ನಿಂತಿರೋ ಬಸ್ಸು," ಎಂದಳು ವಸುಧಾ. "ಡ್ರೈವರ್ ಟೀ ಕುಡೀತಿದ್ದಾರೆ."

"ಆದ್ರೂ ದಾಟಿದ್ವಲ್ಲ."

ದೇವರಮನೆಯ ಹುಲ್ಲುಗುಡ್ಡದ ಕೆಳಗೆ ಜೀಪುಗಳ ಸಾಲು ನಿಂತಿತ್ತು. ಕೆಂಪು, ಮಣ್ಣುಬಣ್ಣ, ಒಂದಂತೂ ಮದುವೆಯ ಸೀರೆಯಂಥ ನೇರಳೆ. ಮಾಲೀಕರೆಲ್ಲ ಬಾನೆಟ್ ಎತ್ತಿಕೊಂಡು ಹೆರಿಗೆ ವಾರ್ಡಿನ ಅಪ್ಪಂದಿರ ಹಾಗೆ ಓಡಾಡುತ್ತಿದ್ದರು. ನಾನು ನಮ್ಮ ಜೀಪಿನ ಹಿಂದಿದ್ದ ಕಲ್ಲಿನ ಮೇಲೆ ಹೋಗಿ ಕೂತೆ. ಅಲ್ಲಿ ಆಗಲೇ ನಾಲ್ಕೈದು ಜನ ಕತ್ತು ಉಜ್ಜಿಕೊಳ್ಳುತ್ತಿದ್ದರು. ಎಲ್ಲರಿಗೂ ಬಲಗಡೆಯೇ ನೋವು. ನೋಡಿದರೆ, ಎಡಗಡೆ ಸ್ಟೇರಿಂಗಿನ ಜೀಪುಗಳ ಬಲಗಡೆ ಸೀಟಿನವರು. ನಮ್ಮದೂ ಒಂದು ಜಾತಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಅವರಲ್ಲೊಬ್ಬರು, ಬಾಳೂರಿನ ಕಡೆಯ ಹಿರಿಯಮ್ಮ, ಫ್ಲಾಸ್ಕಿನಿಂದ ನನಗೂ ಕಾಫಿ ಬಗ್ಗಿಸಿಕೊಟ್ಟರು.

"ಹೊಸಬ್ರಾ?"

"ಹೌದಮ್ಮ. ಇವತ್ತೇ ಮೊದ್ಲು."

"ಕೂಗಿದ್ರಾ?"

"ಸುಮಾರು."

"ನಾನು ಮದ್ವೆ ಆದಾಗಿಂದ ಇವ್ರಿಗೆ ಹೋಗಿ, ಬೇಡ ಅಂತ ಹೇಳ್ತಾ ಬಂದಿದೀನಿ. ಮನೇಲಿ ಒಂದು ಮಾತು ಕೇಳಲ್ಲ. ಜೀಪಲ್ಲಿ ಕೂತ್ರೆ ಪ್ರತಿ ತಿರುವಿಗೂ ಕೇಳ್ತಾರೆ. ನಾನ್ಯಾಕೆ ಹೊಸ ಕಾರು ತಗೊಳ್ಳಿ ಅನ್ಲಿ?"

ಹೌದಲ್ಲ ಎನಿಸಿತು. ನಮ್ಮ ಮನೆಯ ಇನ್ನೊಂದು ಕಾರಿಗೆ ಕ್ಯಾಮೆರಾ ಇದೆ, ಕುಂಯ್ ಕುಂಯ್ ಎನ್ನುವ ಸೆನ್ಸರ್ ಇದೆ, ದಾರಿ ಹೇಳುವ ಹೆಂಗಸಿನ ದನಿ ಇದೆ. ಅದರಲ್ಲಿ ನಾನು ಕೂತರೂ ಒಂದೇ, ಅಕ್ಕಿ ಮೂಟೆ ಕೂತರೂ ಒಂದೇ. "ಎಚ್ಚರ" ಎಂದರೆ "ನೀವು ಸುಮ್ನಿರಿ" ಎಂಬ ಉತ್ತರ ಬರುತ್ತದೆ. ಈ ಮುದಿ ಜೀಪಿಗೆ ಮಾತ್ರ ನಾನು ಬಾಯಿ ತೆರೆಯದೆ ಮುಂದೆ ಹೋಗಲು ಗೊತ್ತಿಲ್ಲ.

ಅಷ್ಟರಲ್ಲಿ ಸಿಗ್ನಲ್ ಸಿಕ್ಕಿದ್ದೇ ವಸುಧಾಳ ಫೋನ್ ಬಡಿದುಕೊಂಡಿತು. ಹೋಮ್‌ಸ್ಟೇಯವರು. ಅವಳು ನನ್ನ ಹತ್ತಿರ ಬಂದು ಫೋನ್ ಕೊಟ್ಟು, ಮುಖ ಆಚೆ ತಿರುಗಿಸಿ, ಟೈರಿನ ಕೆಸರನ್ನು ಕಡ್ಡಿಯಿಂದ ಕೆರೆಯತೊಡಗಿದಳು. ಬೇಕಿಲ್ಲದಷ್ಟು ಶ್ರದ್ಧೆಯಿಂದ ಕೆರೆಯುತ್ತಿದ್ದಳು.

"ಸಾರ್, ಕಟ್ಟೆ ಕೆಲಸ ಶುರು ಮಾಡಿಸ್ಲಾ?" ಎಂದರು ಅವರು.

"ಬೇಡ. ಜೀಪು ಕೊಡಲ್ಲ."

ಕಡ್ಡಿಯ ಸದ್ದು ನಿಂತಿತು.

"ಅಲ್ಲ ಸಾರ್, ನೀವೇ ಭಯ ಅಂದಿದ್ರಲ್ಲ?"

"ಭಯ ಹಾಗೇ ಇದೆ ಮಾರಾಯ್ರೆ. ಅದಕ್ಕೊಂದು ಸೀಟು ಸಿಕ್ಕಿದೆ, ಅಷ್ಟೇ."