ವೀಳ್ಯ ವಾಪಸು ಕೊಡುವಷ್ಟರಲ್ಲಿ

ಪುಟ್ಟಿ, ಗುಂಡ, ಇಬ್ಬರೂ ಒಟ್ಟಿಗೆ ಕೂತು ಓದಿ. ಮೊನ್ನೆ ನಾಲೆ ಏರಿಯ ಮೇಲೆ ಬರುವಾಗ ಗುಂಡ ಕೇಳಿದ, ರಸ್ತೆಗೂ ನಾಲೆಗೂ ನಡುವೆ ಇರುವ ಆ ಗದ್ದೆ ಮೊದಲು ನಮ್ಮದಾಗಿತ್ತಂತೆ, ಈಗ ಬೇರೆಯವರು ಯಾಕೆ ಉಳುತ್ತಾರೆ ಎಂದು. ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ, ಮೊದಲಿನಿಂದಲೂ ಹಾಗೆಯೇ. ನಾಲ್ಕನೇ ಕ್ಲಾಸಿನವರೆಗೆ ಊರ ಸ್ಕೂಲಿನಲ್ಲಿ ಓದಿದ್ದೇನೆ, ಬರೆಯುವುದು ಗೊತ್ತಿದೆ. ಆದ್ದರಿಂದ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕುವುದಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಇದೇ ಸೀಮೆಯಲ್ಲಿದ್ದಾರೆ, ಸಂತೆಯಲ್ಲಿ ಎದುರಾಗುತ್ತಾರೆ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಇಲ್ಲಿ ಇದ್ದವರು ನನ್ನ ಮಾವ, ಅತ್ತೆ, ನಿಮ್ಮ ತಾತ. ಹೊಲ ಅಷ್ಟಿಷ್ಟು ಇತ್ತು, ಆದರೆ ಅನ್ನ ಕೊಡುತ್ತಿದ್ದದ್ದು ಆ ಒಂದು ಗದ್ದೆ. ಕಟ್ಟೆಮಳಲವಾಡಿ ಕಟ್ಟೆಯ ನೀರು ಅದಕ್ಕೆ ಹರಿಯುತ್ತಿತ್ತು. ಬೇರೆಯವರು ಹಬ್ಬಕ್ಕೆ ಮಾತ್ರ ಅಕ್ಕಿ ಬೇಯಿಸುತ್ತಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ಮುದ್ದೆಯ ಜೊತೆಗೆ ದಿನಾ ಒಂದು ಹಿಡಿ ಅನ್ನ ಇರುತ್ತಿತ್ತು. ತವರಿನಲ್ಲಿ ನನ್ನ ತಾಯಿ ಈ ಮಾತನ್ನು ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗಿದ್ದಳು.

ಆಗ ನಮ್ಮ ಕಡೆ ವರ್ಜೀನಿಯಾ ಹೊಗೆಸೊಪ್ಪು ಹೊಸದಾಗಿ ಹಬ್ಬುತ್ತಿತ್ತು. ಆ ಸೊಪ್ಪನ್ನು ಹಸಿಯಾಗಿ ಇಟ್ಟುಕೊಂಡರೆ ಪ್ರಯೋಜನವಿಲ್ಲ. ಬ್ಯಾರನ್ ಎಂಬ ಎತ್ತರದ ಇಟ್ಟಿಗೆ ಮನೆಯಲ್ಲಿ ತೂಗುಹಾಕಿ, ಸೌದೆ ಉರಿಸಿ, ಬಿಸಿಗಾಳಿಯಲ್ಲಿ ಹದ ಮಾಡಬೇಕು. ಬ್ಯಾರನ್ ಕಟ್ಟಿಸುವ ಶಕ್ತಿ ಹಳ್ಳಿಯವರಿಗೆ ಇರಲಿಲ್ಲ. ಇದನ್ನು ಕಂಡುಕೊಂಡು ಮೈಸೂರಿನಿಂದ ಒಬ್ಬ ದೊಡ್ಡ ಮನುಷ್ಯರು ಬಂದರು. ಉದ್ದ ಕೋಟು, ಜರಿ ಪೇಟ, ತೂಕದ ಮಾತು. ಜನ ಅವರನ್ನು ಕಂಪನಿ ಯಜಮಾನರು ಎಂದು ಕರೆದರು. ಎಲ್ಲರೂ ಷೇರು ಕೊಂಡರೆ ಒಂದು ಕಂಪನಿಯಾಗುತ್ತದೆ, ಕಂಪನಿ ಸಾಲಾಗಿ ಬ್ಯಾರನ್ ಕಟ್ಟಿಸುತ್ತದೆ, ಲಾಭವನ್ನು ಎಲ್ಲರಿಗೂ ಹಂಚುತ್ತದೆ ಎಂದರು. ಹುಣಸೂರು, ಪಿರಿಯಾಪಟ್ಟಣ ಎರಡೂ ಕಡೆ ಜನ ಕೂಡಿಟ್ಟದ್ದನ್ನು ತಂದು ಕೊಟ್ಟರು. ನಮ್ಮಲ್ಲಿ ಹಣವಿರಲಿಲ್ಲ. ಕಂಪನಿಗೆ ರಸ್ತೆಯ ಪಕ್ಕದ ಜಾಗ ಬೇಕಾಗಿತ್ತು. ಮಾವ ಗದ್ದೆಯನ್ನು ಕಂಪನಿಗೆ ಬರೆದುಕೊಟ್ಟು ಅದಕ್ಕೆ ಬದಲಾಗಿ ಷೇರು ತೆಗೆದುಕೊಂಡರು.

ಜಗುಲಿಯ ಮೇಲೆ ವೀಳ್ಯ ನಡೆಯಿತು. ಯಜಮಾನರು ಎಲೆ, ಅಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು, ಮಾವ ಎರಡೂ ಕೈಯಲ್ಲಿ ತೆಗೆದುಕೊಂಡರು.

“ಇನ್ನು ಮೇಲೆ ನೀವು ಬರಿಯ ಬೇಸಾಯಗಾರರಲ್ಲ ಯಜಮಾನ್ರೇ, ಕಂಪನಿ ಪಾಲುದಾರರು,” ಎಂದರು ಅವರು.

ಅತ್ತೆ ಬಾಗಿಲ ಹಿಂದೆ ನನ್ನ ಪಕ್ಕದಲ್ಲಿ ನಿಂತಿದ್ದರು. “ಪಾಲುದಾರ್ರಂತೆ ಕಣೇ,” ಎಂದರು. “ನಿನ್ನೆಗಂಟ ಗದ್ದೆ ಪೂರ್ತಿ ನಮ್ದೇ ಆಗಿತ್ತು.”

ನೀವು ಪೇಟೆಯಲ್ಲಿ ಬೆಳೆದವರು, ವೀಳ್ಯ ಎಂದರೆ ಊಟವಾದ ಮೇಲೆ ಹಾಕಿಕೊಳ್ಳುವುದು ಎಂದುಕೊಂಡಿರುತ್ತೀರಿ. ಆಗ ಎತ್ತಿನ ವ್ಯಾಪಾರವಾಗಲಿ, ಹೊಲವನ್ನು ಪಾಲಿಗೆ ವಾರಕ್ಕೆ ಕೊಡುವುದಾಗಲಿ, ಮದುವೆಯ ಮಾತಾಗಲಿ, ವೀಳ್ಯ ಹಿಡಿದರೆ ಮುಗಿಯಿತು. ಎಲೆ ಬಾಡಿಹೋಗುತ್ತದೆ. ಅಡಿಕೆಯನ್ನು ಮಾತ್ರ ದೀಪದ ಗೂಡಿನಲ್ಲಿ ಇಟ್ಟಿರುತ್ತಿದ್ದರು. ಅದು ಮನೆಯಲ್ಲಿರುವ ತನಕ ಕೊಟ್ಟವನ ವಿರುದ್ಧ ಪಂಚಾಯಿತಿಯಲ್ಲಿ ಬಾಯಿ ತೆರೆಯಬಾರದು. ಮಾತು ಮುರಿಯಬೇಕೆಂದರೆ ಕೊಟ್ಟವನ ಹತ್ತಿರ ಸ್ವತಃ ಹೋಗಿ ಅವನ ಕೈಗೇ ವಾಪಸು ಕೊಡಬೇಕು. ಬೇರೆಯವರ ಕೈಯಲ್ಲಿ ಕಳಿಸಿದರೆ ಆಗದು. ಊರಿಗೆಲ್ಲ ಇದರ ತೀರ್ಮಾನ ಹೇಳುತ್ತಿದ್ದವರು ನನ್ನ ಮಾವನೇ.

ಗದ್ದೆಯ ಮೂಲೆಯಲ್ಲಿ ಒಂದು ರಾಶಿ ಇಟ್ಟಿಗೆ ಬಂತು, ಒಂದು ಬೋರ್ಡು ನಿಂತಿತು. ಅಷ್ಟೇ. ಆ ವರ್ಷ ನಾಟಿಯೂ ಇಲ್ಲ, ಬ್ಯಾರನ್ನೂ ಇಲ್ಲ. ಗದ್ದೆಯಲ್ಲಿ ಜೊಂಡು ಬೆಳೆಯಿತು. ಮರುವರ್ಷ ಯಾರೋ ಅಪರಿಚಿತರು ನೇಗಿಲು ಹೂಡಿಕೊಂಡು ಬಂದರು. ನಿಮ್ಮ ತಾತ ಓಡಿಹೋಗಿ ತಡೆದರೆ ಅವರು ಕಾಗದ ತೋರಿಸಿದರು. ಕಂಪನಿ ಅವರಿಗೆ ಗದ್ದೆಯನ್ನು ಕ್ರಯಕ್ಕೆ ಕೊಟ್ಟಿತ್ತು. ಕಂಪನಿಯ ಮೈಸೂರಿನ ಕಚೇರಿಗೆ ಬೀಗ ಬಿದ್ದಿತ್ತು. ನಮ್ಮ ಷೇರಿನ ಕಾಗದ ನಮ್ಮ ಪೆಟ್ಟಿಗೆಯಲ್ಲಿತ್ತು.

ಅದೇ ಕಾಲಕ್ಕೆ ಸರ್ಕಾರ ಕಂಪನಿಗಳ ಮೇಲೆ ಹೊಸ ಕಾನೂನು ತಂದಿತು. ಜನರ ಹಣ ತಿಂದ ಕಂಪನಿಯವರನ್ನು ಬಿಡುವುದಿಲ್ಲ ಎಂದು ಮಂತ್ರಿಗಳು ಭಾಷಣ ಮಾಡಿದ್ದನ್ನು ಸ್ಕೂಲು ಮೇಷ್ಟ್ರು ಪೇಪರಿನಲ್ಲಿ ಓದಿ ಹೇಳಿದರು. ನಾವು ನಂಬಲಿಲ್ಲ. ಆದರೆ ನಿಜವಾಗಿಯೂ ಒಂದು ದಿನ ಜೀಪು ಬಂತು. ಒಬ್ಬ ಪೊಲೀಸ್ ಅಧಿಕಾರಿ, ವಯಸ್ಸು ಹೆಚ್ಚಿಲ್ಲ, ನಮ್ಮ ಜಗುಲಿಯ ಮೇಲೆ ಚಾಪೆ ಹಾಸುವ ಮೊದಲೇ ಕೂತರು.

“ಬೇರೆ ಕೆಲಸ ಎಲ್ಲಾ ಬದಿಗಿಟ್ಟು ಇದನ್ನ ಮೊದಲು ನೋಡಿ ಅಂತ ಮೇಲಿಂದ ಬಂದಿದೆ,” ಎಂದು ಅವರು ಮಾವನಿಗೆ ಹೇಳಿದರು. “ಪಿರಿಯಾಪಟ್ಟಣದ ಕಡೆ ಹೇಳಿಕೆ ತಗೊಂಡು ಬಂದಿದ್ದೀನಿ. ಅವರೆಲ್ಲ ದುಡ್ಡು ಕೊಟ್ಟವರು, ನಷ್ಟ ಆಯ್ತು ಅಂತ ಕಂಪನಿಯವರು ತಪ್ಪಿಸಿಕೊಳ್ತಾರೆ. ಜಮೀನು ಕೊಟ್ಟವರು ನೀವೊಬ್ಬರೇ. ಏನು ಹೇಳಿ ಬರೆಸಿಕೊಂಡರು ಅಂತ ನೀವು ಹೇಳಿದರೆ ಕೇಸು ಗಟ್ಟಿಯಾಗಿ ನಿಲ್ಲುತ್ತೆ. ಆ ಕ್ರಯವೂ ಅಲ್ಲಾಡುತ್ತೆ.”

ನಿಮ್ಮ ತಾತನ ಮುಖ ಅರಳಿತು. ಮಾವ ಕಂಬಕ್ಕೆ ಒರಗಿ ಕೂತಿದ್ದರು.

“ಏಳ್ತೀನಿ ಸ್ವಾಮಿ. ಆದ್ರೆ ಈಗ ಆಗಕಿಲ್ಲ.”

“ಯಾಕೆ?”

“ಅವರ ಕೈಲಿ ವೀಳ್ಯ ಈಸ್ಕೊಂಡಿವ್ನಿ. ಅಡಕೆ ಗೂಡ್ನಲ್ಲೇ ಅದೆ. ಅದ ವಾಪಸು ಕೊಟ್ಬುಟ್ಟು ಬತ್ತೀನಿ. ಆಮ್ಯಾಕೆ ನೀವು ಕೇಳಿದ್ದೆಲ್ಲಾನೂ ಏಳ್ತೀನಿ.”

ಅಧಿಕಾರಿ ತಮಾಷೆ ಎಂದುಕೊಂಡು ನಕ್ಕರು. ಮಾವ ನಗದಿದ್ದುದನ್ನು ಕಂಡು ನಿಲ್ಲಿಸಿದರು. “ಅವರು ನಿಮ್ಮ ಗದ್ದೆ ಮಾರಿಬಿಟ್ಟಿದ್ದಾರೆ ಯಜಮಾನ್ರೇ. ಇನ್ನು ಅವರ ಮಾತು ಎಲ್ಲಿ ಉಳೀತು?”

“ಅವರ್ದು ಉಳೀನಿಲ್ಲ. ನಂದು ಐತಲ್ಲ ಸ್ವಾಮಿ.”

ನಿಮ್ಮ ತಾತನಿಗೆ ತಡೆಯಲಾಗಲಿಲ್ಲ. “ಅಪ್ಪಾ, ಅಡಕೆ ಎಲ್ಲೂ ಓಡೋಗಲ್ಲ ಕಣಪ್ಪ. ಮೊದ್ಲು ಒಂದ್ ರುಜು ಆಕ್ಬುಡು.”

“ಸುಮ್ಕಿರ್ಲಾ,” ಎಂದರು ಮಾವ.

ಅಧಿಕಾರಿ ಎದ್ದು ನಿಂತು ಟೋಪಿ ಹಾಕಿಕೊಂಡರು. ಸಿಟ್ಟಾಗಲಿಲ್ಲ. “ಬೇಗ ಹೋಗಿ ಬನ್ನಿ. ಸರ್ಕಾರದ ಒಲೆ ಉರಿಯುವಾಗಲೇ ಬೇಯಿಸಿಕೊಳ್ಳಬೇಕು,” ಎಂದರು. ಆ ಮಾತಿನ ಅರ್ಥ ಆಗ ನಮಗೆ ತಿಳಿಯಲಿಲ್ಲ.

ಮಾವ ಮರುದಿನವೇ ಅಡಿಕೆಯನ್ನು ಪಂಚೆಯ ತುದಿಗೆ ಕಟ್ಟಿಕೊಂಡು ಮೈಸೂರಿನ ಬಸ್ಸು ಹತ್ತಿದರು. ಯಜಮಾನರ ಮನೆಗೆ ಬೀಗ. ಬೆಂಗಳೂರಿಗೆ ಹೋಗಿದ್ದಾರೆ ಎಂದು ತೋಟದವನು ಹೇಳಿದ. ಮತ್ತೊಮ್ಮೆ ಹೋದರು, ಮತ್ತೆ ಬೀಗ. ಸಾಲಿಗ್ರಾಮದಲ್ಲಿ ಅವರ ಬೀಗರಿದ್ದಾರೆಂದು ಯಾರೋ ಹೇಳಿದ್ದಕ್ಕೆ ಅಲ್ಲಿಗೂ ಹೋದರು. ಆ ಮನೆಯವರು ಊಟ ಹಾಕಿ ಕಳಿಸಿದರಂತೆ, ಯಜಮಾನರು ಎಲ್ಲಿದ್ದಾರೆ ಎಂದು ಮಾತ್ರ ಹೇಳಲಿಲ್ಲ. ನಡುವೆ ರಾಗಿ ಪೈರು ಕಳೆಗೆ ಬಂತು, ಮಳೆ ಹಿಡಿಯಿತು, ಅತ್ತೆಗೆ ಚಳಿಜ್ವರ ಬಂತು. ಅಧಿಕಾರಿ ಒಮ್ಮೆ ಪೇದೆಯ ಕೈಯಲ್ಲಿ ಹೇಳಿಕಳಿಸಿದರು. ಮಾವನದು ಒಂದೇ ಉತ್ತರ.

ಅತ್ತೆ ಜ್ವರದಲ್ಲಿ ಮಲಗಿಯೇ ಬೈಯುತ್ತಿದ್ದರು. “ಕದ್ದೋನು ಬಚ್ಚಿಟ್ಕೊಂಡವ್ನೆ. ಕಳ್ಕೊಂಡೋನು ಅಡಕೆ ಇಡ್ಕೊಂಡು ಊರೂರು ಅಲೀತಾವ್ನೆ. ನೋಡಿದೋರು ಯಾರ್ನ ಕಳ್ಳ ಅಂತಾರೆ, ಏಳು.”

ಕೊನೆಗೆ ಕೆ.ಆರ್. ನಗರದ ರೈಲು ನಿಲ್ದಾಣದಲ್ಲಿ ಯಜಮಾನರು ಸಿಕ್ಕಿದರು. ಮಾವ ಅಡಿಕೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು, ನಿಮ್ಮ ವೀಳ್ಯ ನಿಮಗೆ, ಇನ್ನು ನಾನು ಸರ್ಕಾರಕ್ಕೆ ನಿಜ ಹೇಳುತ್ತೇನೆ ಎಂದರಂತೆ. ಅವರು ಅಡಿಕೆಯನ್ನು ತೆಗೆದುಕೊಂಡು ಕೋಟಿನ ಜೇಬಿಗೆ ಹಾಕಿ, “ಊಟ ಆಯ್ತಾ ಯಜಮಾನ್ರೇ?” ಎಂದು ಕೇಳಿ ರೈಲು ಹತ್ತಿದರಂತೆ. ಮಾವ ಅಂದು ಹಗುರಾಗಿ ಮನೆಗೆ ಬಂದರು. ಬಿಸಿನೀರು ಕಾಯಿಸಲು ಹೇಳಿ ಸ್ನಾನ ಮಾಡಿದರು.

ಹೇಳಿಕೆ ಕೊಡಲು ಹುಣಸೂರಿನ ಪೊಲೀಸ್ ಕಚೇರಿಗೆ ನನ್ನನ್ನೂ ಕರೆದುಕೊಂಡು ಹೋದರು. ಬರೆದದ್ದನ್ನು ರುಜು ಮಾಡುವ ಮೊದಲು ಓದಿ ಹೇಳುವವರು ಬೇಕಾಗಿತ್ತು. ನಮ್ಮ ಮನೆಗೆ ಬಂದಿದ್ದವರ ಕುರ್ಚಿಯಲ್ಲಿ ಬೇರೊಬ್ಬ ಅಧಿಕಾರಿ ಕೂತಿದ್ದರು.

“ಕಂಪನಿ ವಿಚಾರವಾ?” ಎಂದರು. “ಅದು ಈಗ ಇಲ್ಲ.”

“ಈಗಿಲ್ಲ ಅಂದ್ರೆ, ಸ್ವಾಮಿ?”

“ರಾಜ್ಯ ದೊಡ್ಡದಾಯ್ತಲ್ಲ, ಆ ಸಾಹೇಬರನ್ನ ಉತ್ತರದ ಜಿಲ್ಲೆಗೆ ಹಾಕಿದ್ದಾರೆ. ಕಂಪನಿ ಕಡತ ಬೆಂಗಳೂರಿಗೆ ಹೋಗಿದೆ. ಈ ವರ್ಷ ನಮಗೆ ಬಂದಿರೋ ಹುಕುಂ ಕಳ್ಳಬಟ್ಟಿದು. ಎಷ್ಟು ಹಿಡಿದಿರಿ ಅಂತ ವಾರವಾರಕ್ಕೂ ಕೇಳ್ತಾರೆ.”

“ವೀಳ್ಯ ವಾಪಸು ಕೊಟ್ಟು ಬಂದಿವ್ನಿ ಸ್ವಾಮಿ,” ಎಂದರು ಮಾವ.

ಅಧಿಕಾರಿಗೆ ಅರ್ಥವಾಗಲಿಲ್ಲ. ಪಕ್ಕದ ಮೇಜಿನ ಗುಮಾಸ್ತ ತಲೆ ಎತ್ತದೆ ಹೇಳಿದ: “ಇಷ್ಟು ದಿವಸ ಎಲೆಅಡಕೆ ಆಕ್ಕೋತಾ ಕೂತಿದ್ರಾ ಯಜಮಾನ್ರೇ?”

ಮಾವನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಆ ಹೊತ್ತು ನನಗೆ ಎಲ್ಲಿಂದ ಧೈರ್ಯ ಬಂತೋ. ಸೆರಗನ್ನು ಹೊದ್ದುಕೊಂಡು, “ಬರ್ಕೊಂಡಾದ್ರೂ ಮಡೀಕ್ಕೊಳ್ಳಿ ಸ್ವಾಮಿ, ಮುಂದಕ್ಕೆ ಬೇಕಾಯ್ತದೆ,” ಎಂದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

“ಹುಕುಂ ಇಲ್ಲದೆ ಬರೆದದ್ದನ್ನ ಎಲ್ಲಿ ಇಡಲಿ ತಾಯಿ?” ಎಂದರು ಅವರು. ವ್ಯಂಗ್ಯವಾಗಿ ಹೇಳಲಿಲ್ಲ. ನಿಜವಾಗಿಯೂ ಅವರಿಗೆ ಇಡಲು ಜಾಗವಿರಲಿಲ್ಲ. ಅದೇ ನನ್ನನ್ನು ಇಷ್ಟು ವರ್ಷ ಸುಡುತ್ತಿರುವುದು. ಅವರು ಲಂಚ ಕೇಳಿದ್ದರೆ, ಬೈದು ಅಟ್ಟಿದ್ದರೆ, ಕೆಟ್ಟ ಮನುಷ್ಯ ಎಂದು ಶಾಪ ಹಾಕಿ ಮರೆಯುತ್ತಿದ್ದೆ.

ಕೆಲವು ವಾರಗಳ ಮೇಲೆ ಅದೇ ಜೀಪು ನಮ್ಮ ಊರಿಗೆ ಬಂತು. ಮನೆಮನೆ ಹುಡುಕಿದರು. ನಮ್ಮ ಕೊಟ್ಟಿಗೆಯಲ್ಲಿ ಕಲಗಚ್ಚಿನ ಬಾನಿ ಇತ್ತು, ಅಕ್ಕಿ ತೊಳೆದ ನೀರು, ಮುಸುರೆ, ಹಿಟ್ಟು ಎಲ್ಲ ಸೇರಿ ಹುಳಿಬಂದು ಎಮ್ಮೆಗೆ ಕುಡಿಸುವುದು. ಪೇದೆ ಅದರೊಳಗೆ ಲಾಠಿ ಆಡಿಸಿ ಮೂಸಿ, “ಇದೇನಜ್ಜಿ, ವಾಸನೆ ಬರ್ತದೆ?” ಎಂದ.

ಅತ್ತೆ ಚೊಂಬು ತುಂಬಿ ಅವನ ಮುಂದೆ ಹಿಡಿದರು. “ಒಂದ್ ಗುಟುಕು ಆಕ್ಕೊಂಡು ನೋಡಪ್ಪ. ನಮ್ಮೆಮ್ಮೆ ದಿನಾ ಕುಡೀತದೆ, ಒಂದ್ ದಿನಾನೂ ಓಲಾಡ್ಕೊಂಡು ಬಂದಿಲ್ಲ. ಗದ್ದೆ ನುಂಗಿದೋರ ಮನೆ ತಾವ ವಾಸ್ನೆ ಬರ್ನಿಲ್ವಾ ನಿಮ್ಗೆ?”

ಸುತ್ತ ನಿಂತವರೆಲ್ಲ ನಕ್ಕರು, ಪೇದೆಯೂ ನಕ್ಕ. ನನಗೆ ನಗು ಬರಲಿಲ್ಲ. ಅಂದು ನಮ್ಮ ಕೇರಿಯ ಒಬ್ಬ ಮುದುಕನನ್ನು ಒಂದು ಮಡಕೆಯ ಸಮೇತ ಜೀಪಿಗೆ ಹತ್ತಿಸಿಕೊಂಡು ಹೋದರು. ಅವನಿಗೆ ಶಿಕ್ಷೆಯೂ ಆಯಿತು. ಅವನದೂ ತಪ್ಪೇ, ಇಲ್ಲವೆನ್ನುವುದಿಲ್ಲ. ಆದರೆ ಅದು ಆ ವರ್ಷದ ತಪ್ಪಾಗಿತ್ತು. ನಮಗಾದದ್ದು ಹೋದ ವರ್ಷದ್ದು.

ಮಾವ ಆಮೇಲೂ ಕಚೇರಿಗೆ ನಡೆದರು. ಕಡತ ಬಂದಿಲ್ಲ, ಸಾಹೇಬರು ಕ್ಯಾಂಪು, ಬೆಂಗಳೂರಿಗೆ ಬರೆದಿದ್ದೇವೆ, ಹೀಗೆ. ಅಷ್ಟರಲ್ಲಿ ಸರ್ಕಾರ ಮತ್ತೆ ಮಗ್ಗುಲು ಬದಲಿಸಿತು. ಊರೂರಿಗೂ ಸಹಕಾರ ಸಂಘ ಆಗಬೇಕು, ಗಣ್ಯರನ್ನು ಸೇರಿಸಿಕೊಳ್ಳಬೇಕು ಎಂದಾಯಿತು. ಹುಣಸೂರಿನಲ್ಲಿ ದೊಡ್ಡ ಸಭೆ ನಡೆಯಿತು, ಮಾವನೂ ನಿಮ್ಮ ತಾತನೂ ಹೋದರು. ವೇದಿಕೆಯ ಮೇಲೆ ಅಧಿಕಾರಿಗಳ ಸಾಲಿನಲ್ಲಿ ಕಂಪನಿ ಯಜಮಾನರು ಹಾರ ಹಾಕಿಸಿಕೊಂಡು ಕೂತಿದ್ದರಂತೆ. ಜನ ಒಟ್ಟಾಗಿ ಬಂಡವಾಳ ಹೂಡುವುದರಲ್ಲಿ ಅನುಭವವಿರುವವರು ಎಂದು ಅವರನ್ನು ಪರಿಚಯ ಮಾಡಿಕೊಟ್ಟರಂತೆ.

ಮನೆಗೆ ಬಂದು ಮಾವ ಕಾಲು ತೊಳೆದು ಕೂತರು.

“ನನ್ನ ಗುರ್ತು ಇಡಿದ್ರು. ಕೆಳಕ್ಕೆ ಇಳಿದು ಬಂದು ಆರೋಗ್ಯ ಕೇಳಿದ್ರು,” ಎಂದರು.

“ನೀನೇನಂದೆ?” ಎಂದು ಅತ್ತೆ ಕೇಳಿದರು.

“ಚೆಂದಾಗಿವ್ನಿ ಅಂದೆ.”

ನಿಮ್ಮ ತಾತ ಎದ್ದು ಹೊರಗೆ ಹೋದರು. ಅಂದು ನಾನು ಬಡಿಸಿದ ಮುದ್ದೆಯನ್ನು ಯಾರೂ ಪೂರ್ತಿ ಉಣ್ಣಲಿಲ್ಲ.

ಗದ್ದೆ ಬರಲಿಲ್ಲ. ಕೊಂಡವರು ಅಲ್ಲೇ ಮನೆ ಕಟ್ಟಿಕೊಂಡರು. ಅವರು ಹಣ ಕೊಟ್ಟು ಕೊಂಡವರು, ಅವರ ಮೇಲೆ ದ್ವೇಷ ಸಾಧಿಸಬೇಡಿ. ಮಾವ ಹೋಗಿ ಎಷ್ಟೋ ಕಾಲವಾಯಿತು. ವೀಳ್ಯ ವಾಪಸು ಕೊಡುವಷ್ಟರಲ್ಲಿ ಗದ್ದೆ ಕಳೆದ ಮುದುಕ ಎಂದು ಊರಿನಲ್ಲಿ ಇಂದಿಗೂ ಗೇಲಿ ಮಾಡುತ್ತಾರೆ, ನೀವೂ ಕೇಳಿರಬಹುದು. ನನಗೂ ಅವರ ಹಟದ ಮೇಲೆ ಬಹಳ ಸಿಟ್ಟಿತ್ತು. ಈಗ ಯೋಚಿಸಿದರೆ, ಅವರು ತಡಮಾಡಿದ್ದು ಒಂದು ಬೇಸಾಯದ ಕಾಲ ಮಾತ್ರ. ಜನರ ಗದ್ದೆ ಹೋದದ್ದನ್ನು ಅಷ್ಟು ಕಾಲವೂ ನೆನಪಿಟ್ಟುಕೊಳ್ಳಲಾರದ ಸರ್ಕಾರವನ್ನು ಮಾತ್ರ ಊರಿನಲ್ಲಿ ಯಾರೂ ಗೇಲಿ ಮಾಡುವುದಿಲ್ಲ.

ಮಾವ ಹೇಳಬೇಕೆಂದಿದ್ದ ಹೇಳಿಕೆಯನ್ನು ಯಾರೂ ಬರೆದುಕೊಳ್ಳಲಿಲ್ಲ. ನಾನು ಕಂಡದ್ದು, ಅವರ ಬಾಯಿಂದ ಕೇಳಿದ್ದು ಇದು. ಇದನ್ನು ಕೇಳಿಕೊಂಡು ಯಾರಾದರೂ ಬರುತ್ತಾರೆಂಬ ಆಸೆ ನನಗಿಲ್ಲ. ಆದರೂ ಮಕ್ಕಳೇ, ಮನೆ ಸುಣ್ಣ ಹೊಡೆಸುವಾಗ ಹಳೆಯ ಕಾಗದ ಎಂದು ಒಲೆಗೆ ಹಾಕಬೇಡಿ. ಇದಕ್ಕೆ ಇಡಲು ಜಾಗವಿಲ್ಲ ಎಂದು ಒಬ್ಬರು ಹೇಳಿ ಆಗಿದೆ. ನಿಮ್ಮ ಮನೆಯಲ್ಲಾದರೂ ಒಂದು ಜಾಗ ಇರಲಿ.