ಹಗಲಿನ ಆರಿದ್ರೆ

ನಾನು ಕೆಲಸ ಬಿಟ್ಟ ಸುದ್ದಿಯನ್ನು ಅಪ್ಪ ಕಡೂರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಬೀಜ, ಗೊಬ್ಬರದ ಅಂಗಡಿ ಇಟ್ಟವರಿಗೆ ಸುದ್ದಿ ಮುಚ್ಚಿಡುವುದು ಸುಲಭವಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಸಂಜೆಯೊಳಗೆ ಯಗಟಿ, ಹಿರೇನಲ್ಲೂರು ಕಡೆಯವರೆಲ್ಲ ಬಂದು ಹೋಗುತ್ತಾರೆ. ಬಂದವರು ಬೀಜದ ಮಾತಿಗಿಂತ ಮೊದಲು ಮನೆಯ ಮಾತು ಎತ್ತುತ್ತಾರೆ.

"ಏನ್ ಯಜಮಾನ್ರೇ, ಮಗ್ಳು ಬೆಂಗ್ಳೂರಿಂದ ಬಂದವ್ಳಂತೆ?"

"ಹೂಂ ಕಣಪ್ಪ, ವರ್ಕ್ ಫ್ರಮ್ ಹೋಮು."

ಅಪ್ಪ ಅದನ್ನು ಎಷ್ಟು ಸಲೀಸಾಗಿ ಹೇಳುತ್ತಿದ್ದರೆಂದರೆ, ಹಿಂದಿನ ಗೋಡೌನಿನಲ್ಲಿ ಗೊಬ್ಬರದ ಮೂಟೆಗಳ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ನನಗೇ ಒಂದೊಂದು ಸಲ ನಾನಿನ್ನೂ ಕೆಲಸದಲ್ಲಿದ್ದೇನೆ ಅನ್ನಿಸಿಬಿಡುತ್ತಿತ್ತು.

ಬೆಂಗಳೂರಿನ ಆ ಕೆಲಸವೇನೂ ಕೆಟ್ಟದ್ದಾಗಿರಲಿಲ್ಲ. ಫೋನಿನಲ್ಲಿ ಸಾಮಾನು ಕೊಳ್ಳುವವರ ಬೆರಳು ಪರದೆಯ ಮೇಲೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂದು ನೋಡಿ, ಜಾರದ ಹಾಗೆ ಮಾಡುವುದು. ಒಳ್ಳೆಯ ಕುರ್ಚಿ, ಒಳ್ಳೆಯ ಕಾಫಿ, ನಗುನಗುತ್ತಾ ಮಾತಾಡುವ ಜನ. ಯಾರ ಮೇಲೂ ಸಿಟ್ಟು ಮಾಡಿಕೊಂಡು ಬಂದವಳಲ್ಲ ನಾನು. ಆದರೆ ಬಿಡುವಿನ ಹೊತ್ತಿನಲ್ಲಿ ಆಟಕ್ಕೆಂದು ಬರೆಯಲು ಶುರುಮಾಡಿದ ಒಂದು ಪ್ರೋಗ್ರಾಂ ನನ್ನನ್ನು ಬಿಡದೆ ಹಿಡಿದುಕೊಂಡಿತು. ಕನ್ನಡದಲ್ಲಿ ಮಾತಾಡುವ ಆಕಾಶ ಅದು. ಊರು ಹೇಳಿದರೆ, ಹೊತ್ತು ಹೇಳಿದರೆ, ಆ ಊರಿನ ಆ ಹೊತ್ತಿನ ಆಕಾಶವನ್ನು ತೆರೆದಿಡುತ್ತಿತ್ತು. ನಮ್ಮ ಕಡೆಯ ಮಕ್ಕಳು ತಾರಾಲಯ ನೋಡಬೇಕೆಂದರೆ ಬೆಂಗಳೂರಿನ ಬಸ್ಸು ಹತ್ತಬೇಕು. ತಾರಾಲಯವೇ ಯಾಕೆ ಬಸ್ಸು ಹತ್ತಿ ಇಲ್ಲಿಗೆ ಬರಬಾರದು? ಗಾಳಿ ತುಂಬಿದರೆ ಎದ್ದು ನಿಲ್ಲುವ, ಗಾಳಿ ಬಿಟ್ಟರೆ ಮಡಿಚಿ ಮೂಟೆ ಕಟ್ಟಬಹುದಾದ ಬಟ್ಟೆಯ ಗುಮ್ಮಟ. ಕಡೂರು, ತರೀಕೆರೆ, ಅಜ್ಜಂಪುರ, ಮೂರು ತಾಲೂಕಿನ ಒಂದು ಹಳ್ಳಿಯನ್ನೂ ಬಿಡದೆ ಆಕಾಶ ಹೊತ್ತುಕೊಂಡು ತಿರುಗಬೇಕು ಎನ್ನುವುದು ನನ್ನ ಹುಚ್ಚು. ಆ ಯೋಚನೆ ತಲೆಗೆ ಹೊಕ್ಕ ದಿನದಿಂದ ಕುರ್ಚಿಯ ಮೇಲೆ ಕೂತರೆ ಕಾಲು ನಿಲ್ಲುತ್ತಿರಲಿಲ್ಲ.

ಗುಮ್ಮಟ ಹೊಲಿದವರು ತರೀಕೆರೆಯಲ್ಲಿ ಶಾಮಿಯಾನ ಹೊಲಿಯುವವರು. ಕಿತ್ತಳೆ ತೊಳೆಯ ಆಕಾರದಲ್ಲಿ ನಾನು ಕತ್ತರಿಸಿ ತಂದಿದ್ದ ಕಾಗದಗಳನ್ನು ಅವರು ತಿರುವಿ ಮುರುವಿ ನೋಡಿದರು.

"ಕಂಬ ಎಲ್ಲಿಗೆ ಬತ್ತದಮ್ಮಾ?"

"ಕಂಬ ಇಲ್ಲ. ಫ್ಯಾನಿನ ಗಾಳಿನೇ ಎತ್ತಿ ಹಿಡಿಯುತ್ತೆ."

"ಮದ್ವೆ ಮನೇಲಿ ಕರೆಂಟ್ ಹೋದ್ರೆ ಊಟಕ್ಕೆ ಕೂತೋರ ತಲೆ ಮ್ಯಾಲೇ ಬತ್ತದಲ್ಲ!"

"ಮದುವೆಗಲ್ಲ, ನಕ್ಷತ್ರ ನೋಡೋಕೆ."

"ಓ," ಎಂದರು. ಕಾಗದ ಕೆಳಗಿಟ್ಟು, "ಜಾತಕನಾ?" ಎಂದು ಮೆಲ್ಲಗೆ ಕೇಳಿದರು.

ಒಳಗೆ ಬಿಳಿ, ಹೊರಗೆ ಕಪ್ಪು ಬಟ್ಟೆ. ಆಕಾಶ ಬೀಳಿಸಲು ಮಾಮೂಲಿ ಪ್ರೊಜೆಕ್ಟರ್, ಎದುರಿಗೆ ಒಂದು ಉಬ್ಬುಗನ್ನಡಿ. ಕೆಮ್ಮಣ್ಣುಗುಂಡಿಗೆ ಹತ್ತುವ ದಾರಿಯ ತಿರುವುಗಳಲ್ಲಿ ಎದುರಿನ ಗಾಡಿ ಕಾಣಲೆಂದು ನಿಲ್ಲಿಸುತ್ತಾರಲ್ಲ, ಅಂಥದ್ದೇ. ಬೆಳಕು ಕನ್ನಡಿಗೆ ತಾಗಿ ಚದುರಿ ಗುಮ್ಮಟದ ತುಂಬಾ ಹರಡಿಕೊಳ್ಳುತ್ತದೆ. ಮೊದಲ ಸಲ ಹಾಗೆ ಹರಡಿಕೊಂಡಾಗ ನಾನು ಒಬ್ಬಳೇ ಕೂತು ಚಪ್ಪಾಳೆ ತಟ್ಟಿಕೊಂಡೆ.

ಬಯಲಿನಲ್ಲಿ ನಿಲ್ಲಿಸಿ ನೋಡೋಣವೆಂದು ಅಜ್ಜಂಪುರದಲ್ಲಿರುವ ನನ್ನ ಸೋದರಮಾವನ ಹೊಲಕ್ಕೆ ಹೋದೆವು. ಮಾವನಿಗೆ ಸ್ವಂತ ಲಗೇಜ್ ಆಟೋ ಇತ್ತು, ಸಾಲದ್ದಕ್ಕೆ ನನಗಿಂತ ಹೆಚ್ಚು ಉತ್ಸಾಹವಿತ್ತು. ಅಪ್ಪನೂ ಬಂದು ಬದುವಿನ ಮೇಲೆ ಕೂತರು. ಗುಮ್ಮಟ ಉಸಿರೆಳೆದುಕೊಂಡು ಮೇಲೆದ್ದಿತು. ಮುಂಗಾರಿನ ಗಾಳಿ ಅದಕ್ಕಾಗಿಯೇ ಕಾದಿತ್ತೇನೋ, ಒಂದೇ ಬೀಸಿಗೆ ಗೂಟಗಳನ್ನೆಲ್ಲ ಕಿತ್ತುಕೊಂಡು ಹೊರಟಿತು. ಕರೀ ಉಂಡೆಯೊಂದು ಹೊಲದ ತುಂಬ ಉರುಳುತ್ತಿದೆ, ಹಿಂದೆ ಮಾವ ಲುಂಗಿ ಎತ್ತಿ ಕಟ್ಟಿಕೊಂಡು ಓಡುತ್ತಿದ್ದಾನೆ.

"ಲೇ, ಬಾರೇ! ನಿನ್ ಆಕಾಶ ಹಾರೋಯ್ತಾ ಐತೆ ಕಣೇ!"

ಪಕ್ಕದ ಹೊಲದ ಬೇಲಿಗೆ ಸಿಕ್ಕಿಹಾಕಿಕೊಳ್ಳದಿದ್ದರೆ ಅದು ಎಲ್ಲಿಗೆ ಹೋಗುತ್ತಿತ್ತೋ. ನಾವಿಬ್ಬರೂ ಕೈಕಾಲು ತರಚಿಕೊಂಡು, ನಗುತ್ತಾ, ಅದನ್ನು ಎಳೆದುಕೊಂಡು ಬಂದೆವು. ಅಪ್ಪ ನಗಲಿಲ್ಲ.

"ಅಪ್ಪಾಜಿ, ಇನ್ನಾದ್ರೂ ಅಂಗಡಿಗೆ ಬರೋರಿಗೆ ನಿಜ ಹೇಳಿ. ನಂಗೆ ಕಳ್ಳಿ ಥರ ಗೋಡೌನಲ್ಲಿ ಕೂತ್ಕೊಳಕ್ಕೆ ಆಗಲ್ಲ."

"ಏನಂತ ಹೇಳ್ಲಿ ಮಗ? ಬಟ್ಟೆ ಉಂಡೆ ಹಿಂದೆ ಓಡ್ತವ್ಳೆ ಅಂತನಾ?" ಎಂದರು. ಆಮೇಲೆ ನನ್ನ ಮುಖ ನೋಡಿ, "ಮೊದ್ಲು ನೆಟ್ಟಗೆ ನಿಲ್ಸು. ನಾಲ್ಕು ಜನ ನೋಡಿ ತಲೆ ಆಡಿಸ್ಲಿ. ಆಮೇಲೆ ಹೇಳಣ" ಎಂದರು.

ಮಗಳು ಕೆಲಸ ಬಿಟ್ಟಿದ್ದಾಳೆ ಎಂಬ ಮಾತು ಅವರ ಬಾಯಿಂದ ಬರುವವರೆಗೆ ನಾನು ಕೆಲಸ ಬಿಟ್ಟು ಬಂದವಳಲ್ಲ, ಕೆಲಸದಿಂದ ಓಡಿಬಂದವಳು. ನನಗೆ ಬೇಕಾಗಿದ್ದ ಸರ್ಟಿಫಿಕೇಟು ಅದೊಂದೇ.

ಬಯಲು ಬೇಡ, ಸೂರು ಇರುವ ಕಡೆ ಮಾಡೋಣ ಎಂದು ಮಾವ ಯಗಟಿ ಕಡೆಯ ಒಂದು ಹಳ್ಳಿಯ ಸಮುದಾಯ ಭವನ ಗೊತ್ತುಮಾಡಿದ. ಆರಿದ್ರಾ ಮಳೆ ಹುಟ್ಟಿದ ವಾರ ಅದು. ಮೋಡ ಬರುವುದು, ಬಿಸಿಲು ಬರುವುದು, ಎರಡೂ ಪಾಳಿಯ ಮೇಲೆ ನಡೆದಿತ್ತು. ಅವ್ವ ಕಟ್ಟಿಕೊಟ್ಟ ಚಿತ್ರಾನ್ನ, ಗುಮ್ಮಟದ ಮೂಟೆ, ಕನ್ನಡಿ, ನಾನು, ಎಲ್ಲ ಲಗೇಜ್ ಆಟೋದಲ್ಲಿ ಹೊರಟೆವು. ಅಪ್ಪ "ಆ ಕಡೆ ಸ್ವಲ್ಪ ಕೆಲ್ಸ ಐತೆ" ಎಂದು ಸ್ಕೂಟರಿನಲ್ಲಿ ಹಿಂದೆಯೇ ಬಂದರು.

ಮಧ್ಯಾಹ್ನದ ಹೊತ್ತಿಗೆ ಗುಮ್ಮಟ ನೆಟ್ಟಗೆ ನಿಂತಿತು. ಮಕ್ಕಳು, ದೊಡ್ಡವರು ಚಪ್ಪಲಿ ಬಿಟ್ಟು ಬಗ್ಗಿ ಒಳಗೆ ಬಂದರು. ಆದರೆ ಊರಿನ ಹಿರಿಯರೊಬ್ಬರು ಬಾಗಿಲ ಬಟ್ಟೆಯನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡು ನಿಂತೇಬಿಟ್ಟರು. ದೂರದಲ್ಲಿ ಯಾರು ಕಂಡರೂ "ಬನ್ನಿ, ಬನ್ನಿ, ಒಳೀಕೆ ಬನ್ನಿ" ಎಂದು ಕರೆಯುವುದು, ಅವರು ಬರುವ ತನಕ ಬಟ್ಟೆ ಇಳಿಸದಿರುವುದು. ಗಾಳಿಯೆಲ್ಲ ಹೊರಗೆ ಹೋಗಿ ನನ್ನ ಆಕಾಶ ಒಳಗೆ ಕೂತವರ ತಲೆಯ ಮೇಲೆ ಇಳಿಯತೊಡಗಿತು.

"ಅಜ್ಜಾ, ಬಾಗ್ಲು ಮುಚ್ಚಿ, ಗಾಳಿ ಹೋಗುತ್ತೆ!"

"ಜನ ಬರೋವಾಗ ಬಾಗ್ಲು ಮುಚ್ಚೋದಾ? ಏನ್ ಮಾತು ಅಂತ ಆಡ್ತೀಯವ್ವ!"

ಕೊನೆಗೆ ಮಾವ ಅವರನ್ನೇ ನಯವಾಗಿ ಒಳಗೆ ಕರೆತಂದು ಎಲ್ಲರ ಮುಂದೆ ಕೂರಿಸಿದ. ಗುಮ್ಮಟ ಮತ್ತೆ ಎದ್ದಿತು. ಅಪ್ಪ ಹಿಂದೆ, ಫ್ಯಾನಿನ ಹತ್ತಿರ, ಯಾರಿಗೂ ಸಂಬಂಧವಿಲ್ಲದವರ ಹಾಗೆ ಕೂತರು.

ಶನಿಯ ಬಳೆ ತೋರಿಸಿದೆ, ಮಕ್ಕಳು ಕಿರುಚಿದರು. ಚಂದ್ರನ ಹಳ್ಳಕೊಳ್ಳ ತೋರಿಸಿದೆ, ಮತ್ತೆ ಕಿರುಚಿದರು. ದೊಡ್ಡವರು ಮಾತ್ರ ನೆಂಟರ ಮನೆಯ ಫೋಟೋ ಆಲ್ಬಂ ನೋಡುವವರಂತೆ ಮರ್ಯಾದೆಯಿಂದ ಕೂತಿದ್ದರು. "ಚೆನ್ನಾಗೈತೆ" ಎಂದಿತು ಒಂದು ದನಿ. ಇಷ್ಟೇ ಆದರೆ ಅಪ್ಪನ ಬಾಯಲ್ಲಿ ನಾಳೆಯೂ ವರ್ಕ್ ಫ್ರಮ್ ಹೋಮೇ.

ಆಗ ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಕೇಳಿದಳು: "ಅದೆಲ್ಲ ಸರಿ ಕಣವ್ವ. ಮೊನ್ನೆ ಆರಿದ್ರಾ ಹುಟ್ತಲ್ಲ, ಆ ಆರಿದ್ರಾ ಎಲ್ಲೈತೆ ತೋರ್ಸು."

ಇದು ನನ್ನ ಕಾರ್ಯಕ್ರಮದಲ್ಲಿ ಇರಲೇ ಇಲ್ಲ. ಹುಟ್ಟಿದಾಗಿನಿಂದ ಅಂಗಡಿಯಲ್ಲಿ ಕೇಳಿದ್ದು ಇದೇ ಹೆಸರುಗಳನ್ನು: ಆರಿದ್ರೆಗೆ ಬಿತ್ತಿದೆ, ಮಘೆ ಕೈಕೊಟ್ಟಿತು, ಹುಬ್ಬೆ ಹಿಡಿಯಿತು. ಮಳೆಗಳಿಗೆ ನಕ್ಷತ್ರಗಳ ಹೆಸರು. ಸೂರ್ಯ ಯಾವ ನಕ್ಷತ್ರದ ಬಳಿ ಇರುತ್ತಾನೋ ಆ ಹೊತ್ತಿನ ಮಳೆಗೆ ಆ ಹೆಸರು. ಅದಕ್ಕೇ ಆ ಮಳೆಯ ಕಾಲದಲ್ಲಿ ಆ ನಕ್ಷತ್ರವನ್ನು ಯಾರಿಗೂ ನೋಡಲಾಗುವುದಿಲ್ಲ, ಅದು ಹಗಲಿನ ಬೆಳಕಿನಲ್ಲಿ ಮುಚ್ಚಿಹೋಗಿರುತ್ತದೆ. ಆದರೆ ಹಗಲಿನ ಬೆಳಕನ್ನು ತೆಗೆದುಹಾಕುವ ಒಂದು ಕೀಲಿ ನನ್ನ ಕೀಬೋರ್ಡಿನಲ್ಲಿ ಇತ್ತು. ಪ್ರೋಗ್ರಾಂ ಪರೀಕ್ಷಿಸಲೆಂದು ನಾನೇ ಇಟ್ಟುಕೊಂಡಿದ್ದು. ಊರು ಇದೇ, ದಿನ ಇವತ್ತೇ, ಹೊತ್ತು ಈಗಲೇ ಎಂದು ಕೊಟ್ಟೆ. ಗುಮ್ಮಟದ ತುಂಬ ನೀಲಿ, ನೆತ್ತಿಯ ಹತ್ತಿರ ಸೂರ್ಯ.

"ಇದು ಈಗ ಹೊರಗಿರೋ ಆಕಾಶ. ಬೆಳಕು ತೆಗೀತೀನಿ, ನೋಡಿ."

ನೀಲಿ ಹೋಯಿತು. ಸೂರ್ಯ ಇದ್ದಲ್ಲೇ ಇದ್ದ. ಅವನ ಸುತ್ತ ನಕ್ಷತ್ರಗಳು ಬಂದು ನಿಂತವು. ಸೂರ್ಯನಿಂದ ತುಸು ತೆಂಕಲಿಗೆ ಒಂದು ಕೆಂಪು ಚುಕ್ಕಿ.

"ಅದೇ ಆರಿದ್ರೆ ಅಜ್ಜಿ. ಈಗ ನಮ್ಮ ನೆತ್ತಿ ಮೇಲೇ ಇದೆ."

ಅಜ್ಜಿ ಕತ್ತು ಎತ್ತಿಕೊಂಡೇ ಇದ್ದಳು.

"ಅಯ್ಯೋ, ಇದು ನಮ್ ಕಣದ ಚುಕ್ಕಿ ಅಲ್ವೇನೇ! ಒಕ್ಕಣೆ ಕಾಲ್ದಲ್ಲಿ ರಾಶಿ ಕಾಯಕೆ ಮಲೀಕಂಡ್ರೆ ಮೂಡ್ಲಲ್ಲಿ ಕೆಂಪುಗೆ ಬರ್ತಿತ್ತು. ಇದ್ರೆಸ್ರು ಆರಿದ್ರಾ ಅಂತ ನಂಗ್ಯಾರೂ ಹೇಳ್ಲಿಲ್ವಲ್ಲ!"

"ಹೌದಜ್ಜಿ, ಅದೇ."

"ಅಂಗಾದ್ರೆ ಬಿತ್ತೋವಾಗ ಸೂರ್ಯನ ಮಗ್ಗುಲಲ್ಲಿ ಅವಿತ್ಕಂಡು ಮಳೆ ಕೊಡ್ತದೆ, ರಾಶಿ ಹಾಕ್ದಾಗ ಬಂದು ನೋಡ್ಕಂಡು ಹೋಯ್ತದೆ ಅನ್ನು!"

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ, ನಾನು ಹುಟ್ಟಿದಾಗಿನಿಂದ ಬಲ್ಲ ದನಿ, ತಡೆಯಲಾರದೆ ಎದ್ದು ಬಂತು:

"ಹುಬ್ಬೆ? ಹುಬ್ಬೆ ಎಲ್ಲೈತೆ?"

ಅಪ್ಪ ಜೀವಮಾನವೆಲ್ಲ ಈ ಹೆಸರುಗಳ ಲೆಕ್ಕದಲ್ಲೇ ಬೀಜ ಮಾರಿದವರು. ನಾನು ದಿನಗಳನ್ನು ಮುಂದಕ್ಕೆ ಓಡಿಸಿದೆ. ಸೂರ್ಯ ನಕ್ಷತ್ರಗಳ ನಡುವೆ ಜಾರುತ್ತಾ ಹೋದ. ಮಘೆ ಅವನ ಬೆಳಕಿನಲ್ಲಿ ಪೂರ್ತಿ ಮುಳುಗಿ ಎದ್ದಿತು, ಮಕ್ಕಳು ಹೋ ಎಂದರು. ಹುಬ್ಬೆ ಬಂತು. "ಉತ್ರೆ! ಉತ್ರೆ ನಿಲ್ಸು!" "ಚಿತ್ತೆ ಬರ್ಲಿ!" "ತಡಿಯೋ, ಹಸ್ತ ಆಗ್ಬೇಕು ಮೊದ್ಲು!" ಬಾಗಿಲು ಹಿಡಿದು ನಿಂತಿದ್ದ ಅಜ್ಜ ಈಗ ಎರಡೂ ಕೈ ಎತ್ತಿ ಸಂತೆಯಲ್ಲಿ ಕೂಗಿದ ಹಾಗೆ ಕೂಗುತ್ತಿದ್ದರು. ನನ್ನ ಬೆರಳಿಗೂ ಬಾಯಿಗೂ ಬಿಡುವಿಲ್ಲ. ಇಷ್ಟು ಖುಷಿಯನ್ನು ನಾನು ಯಾವ ಪರದೆಯ ಮುಂದೂ ಕಂಡಿರಲಿಲ್ಲ.

ಮುಗಿದ ಕೂಡಲೇ ಎಲ್ಲರೂ ಹೊರಗೆ ನುಗ್ಗಿ, ಅಂಗಳದಲ್ಲಿ ನಿಂತು ನೆತ್ತಿ ನೋಡತೊಡಗಿದರು. "ಸೂರ್ಯನ್ನ ನೋಡ್ಬೇಡಿ, ಕಣ್ಣು ಹೋಗುತ್ತೆ, ತೆಂಕ್ಲಿಗೆ ನೋಡಿ!" ಎಂದು ನಾನು ಕೂಗುತ್ತಲೇ ಇದ್ದೆ. ಕಾಣುವುದೇನಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು, ಬರೀ ಬಿಳಿ ಮೋಡವಿದ್ದ ಕಡೆ ಬೆರಳು ತೋರಿಸಿ, "ಅಗೋ, ಅಲ್ಲೇ" ಎಂದು ಪಕ್ಕದವರಿಗೆ ಹೇಳುತ್ತಿದ್ದಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ಬೆಂಗ್ಳೂರಿಂದ ಬಂದವ್ಳೆ ಅಂತಿದ್ರಲ್ಲ, ನಿನ್ ಆ ಮಗ್ಳೇನಪ್ಪಾ ಇವ್ಳು? ರಜ ಮುಗ್ಸಿ ಯಾವಾಗ್ ಹೋಗ್ತಾಳೆ?"

ಕನ್ನಡಿಯನ್ನು ಹೊರಗೆ ತಂದು ಒರೆಸುತ್ತಿದ್ದ ನಾನು ಕೈ ನಿಲ್ಲಿಸಿದೆ.

"ಎಲ್ಲಿಗ್ ಹೋಗ್ತಾಳೆ ಅಕ್ಕ? ಕೆಲ್ಸ ಬಿಟ್ಟು ಬಂದವ್ಳೆ," ಎಂದರು ಅಪ್ಪ. ದನಿ ಇನ್ನಷ್ಟು ಏರಿಸಿ, ಅಂಗಳಕ್ಕೆಲ್ಲ ಕೇಳುವಂತೆ, "ಬೆಂಗ್ಳೂರ್ ಕೆಲ್ಸ ಬಿಟ್ಬಿಟ್ಳು. ಇದೇ ಇನ್ಮೇಲೆ ಅವ್ಳ ಕೆಲ್ಸ!"

"ಒಳ್ಳೇದಾಯ್ತು ಬಿಡು," ಎಂದಳು ಅಜ್ಜಿ, ಇದರಲ್ಲಿ ಹೇಳುವುದೇನಿದೆ ಎನ್ನುವ ಹಾಗೆ.

ನಾವು ಗುಮ್ಮಟ ಮಡಿಚುವಷ್ಟರಲ್ಲಿ ಅಪ್ಪ ಹಿರೇನಲ್ಲೂರಿನ ಗಿರಾಕಿಯೊಬ್ಬರಿಗೆ ಫೋನು ಹಚ್ಚಿ ಸ್ಕೂಟರಿಗೆ ಒರಗಿದ್ದರು. "ನಿಮ್ಮೂರಲ್ಲಿ ದೊಡ್ಡ ಹಾಲ್ ಯಾವ್ದೈತಪ್ಪ? ... ಬೀಜದ ಮೀಟಿಂಗಲ್ಲ ಕಣಯ್ಯ, ಆಕಾಶ! ... ಹೂಂ, ನಮ್ ಹುಡ್ಗೀನೇ. ಕೆಲ್ಸ ಬಿಟ್ಟವ್ಳಲ್ಲ, ಗೊತ್ತಿಲ್ವಾ ನಿಂಗೆ?" ಎಂದವರು ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನು ಕರೆದರು.

"ಪುನರ್ವಸು ಹುಟ್ಟೋ ದಿನ ಅಲ್ಲಿ ಹಾಕಣ ಅಂತಾನೆ. ಆಯ್ತದೇನೇ ಮಗ?"